ಅಂಬುಜಾ ಆಂಟಿಯ ಕೊನೆಯ ಗಾದೆ

ನಾನೊಂದು ಸುಳ್ಳು ಬರೆದಿದ್ದೇನೆ. ಡೈರಿಯಲ್ಲಲ್ಲ, ಗಾದೆಯ ಕಾರ್ಡಿನಲ್ಲಿ. ಮೂರು ವಾರದಿಂದ ಅದೇ ಕೊರೆಯುತ್ತಿದೆ.

ಆಲ್ಬನಿಯಲ್ಲಿ ಡಿಗ್ರಿ ಮುಗಿಸಿದ ಮೇಲೆ ಅಲ್ಲೇ ಮಾವೊರಿ ಅಧ್ಯಾಪಕಿ ಮೆರೆ ಮೇಡಂ ಹತ್ತಿರ ಕೆಲಸಕ್ಕೆ ಸೇರಿದೆ. ಇಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಬಾಯಿ ಬರುವುದಿಲ್ಲ. ಮಾವೊರಿ, ಸಮೋವನ್, ಕನ್ನಡ ಮನೆಗಳಿಗೆ ಹೋಗಿ ಗಾದೆ ಕೇಳಿ ಬರೆದುಕೊಂಡು, ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಕೂರಿಸುವ ಕೆಲಸ. ಪ್ರತಿ ಗಾದೆಯ ಕೆಳಗೆ ಯಾರು, ಯಾರಿಗೆ, ಯಾಕೆ ಹೇಳಿದರೆಂದು ಬರೆಯಲೇಬೇಕು.

"ನಮ್ಮಜ್ಜಿಯ ಮಾತುಗಳನ್ನು ಹಿಂದೆ ಯಾರೋ ಬರೆದುಕೊಂಡು ಹೋದರು," ಎಂದಿದ್ದರು ಮೇಡಂ. "ಮಾತು ಪುಸ್ತಕದಲ್ಲಿದೆ. ಯಾರ ಕಣ್ಣೊರೆಸಲು ಹೇಳಿದ್ದಳೋ, ಅದು ಯಾರಿಗೂ ಗೊತ್ತಿಲ್ಲ."

ಮೌಂಟ್ ರಾಸ್ಕಿಲ್‌ನ ತಮ್ಮ ಅಡುಗೆಮನೆಯಲ್ಲಿ ಕೂತು ಅಂಬುಜಾ ಆಂಟಿ ನನಗೆ ನಲವತ್ತು ಗಾದೆ ಕೊಟ್ಟರು. ಇಲ್ಲಿನ ಜುಲೈ ಚಳಿಯಲ್ಲಿ ತೀರಿಕೊಂಡರು. ಕೊನೆಯದು, 'ನೋಡುತ್ತ ಕೂತರೆ ಹೊಟ್ಟೆ ತುಂಬೀತೇ?' ಅದರ ಕೆಳಗೆ ನಾನು ಬರೆದದ್ದು: 'ಯಾರಿಗೂ ಅಲ್ಲ, ಸುಮ್ಮನೆ.'

ಇವತ್ತು ಆ ಗಾದೆಗಳನ್ನು ಅಚ್ಚು ಹಾಕುವ ಒಪ್ಪಿಗೆಪತ್ರಕ್ಕೆ ಸಹಿ ಹಾಕಲು ನಮ್ಮ ಆಫೀಸಿಗೆ ಆಂಟಿಯ ಅಕ್ಕನ ಮಗ ತನ್ಮಯ್ ಬಂದಿದ್ದರು. ಸೋಮವಾರ ಅವರು ಕ್ರೈಸ್ಟ್‌ಚರ್ಚಿಗೆ ಹೊರಡುತ್ತಾರೆ. ಭೂಕಂಪದಲ್ಲಿ ಬಿದ್ದ ಕಟ್ಟಡಗಳನ್ನು ಮತ್ತೆ ಎಬ್ಬಿಸುವ ಕೆಲಸ.

"ಏನ್ರೀ ಯಾಮಿನಿ, ಇವತ್ತೂ ಮೌನವ್ರತಾನಾ?"

"ಇಲ್ಲ."

"ಸದ್ಯ, ಒಂದು ಮಾತು ಸಿಕ್ತು. ಕಾರ್ಡಲ್ಲಿ ಬರ್ಕೊಳ್ಳಿ."

ನಕ್ಕಾಗ ಅವರ ಎಡಗಣ್ಣು ಬಲಗಣ್ಣಿಗಿಂತ ಕಿರಿದಾಗುತ್ತದೆ. ನಾನು ಪೆನ್ನಿನ ಕ್ಯಾಪು ನೋಡುತ್ತ ಕೂತೆ.

ಮೇಡಂ ಆ ಕೊನೆಯ ಕಾರ್ಡಿನ ಇಂಗ್ಲಿಷ್ ಅನುವಾದವನ್ನು ಎರಡು ಸಲ ಓದಿದರು. "ಸುಮ್ಮನೆ ಯಾರೂ ಗಾದೆ ಹೇಳುವುದಿಲ್ಲ, ಯಾಮಿನಿ. ಇದನ್ನು ಬಿಡೋಣ," ಎಂದು ಬದಿಗಿಟ್ಟು, ಉಳಿದವನ್ನು ಜೆರಾಕ್ಸ್ ಮಾಡಿಸಲು ಹೊರಗೆ ಹೋದರು.

ತನ್ಮಯ್ ಆ ಕಾರ್ಡನ್ನು ಕೈಗೆತ್ತಿಕೊಂಡರು. ನಗು ನಿಂತಿತ್ತು.

"ಮೂರು ವರ್ಷ ಅವರ ಮನೇಲಿದ್ದೆ. ಚಿಕ್ಕಮ್ಮ ದಿನಾ ಏನಾದ್ರೂ ಹೇಳೋರು, ನಾನು ಇಯರ್‌ಫೋನ್ ಹಾಕ್ಕೊಂಡಿರ್ತಿದ್ದೆ. ಈಗ ನಿಮ್ಮ ಕಾರ್ಡ್ ಓದಿದ್ರೆ ಎದುರಿಗೆ ಕೂತು ಬೈದ ಹಾಗಿರುತ್ತೆ." ಕಾರ್ಡನ್ನು ನನ್ನ ಮುಂದಿಟ್ಟರು. "ಇದು ಬಿಟ್ಟುಹೋಗೋದು ಬೇಡ ರೀ. ನೆನಪು ಮಾಡ್ಕೊಳ್ಳಿ. ಅವತ್ತು ನಾನೂ ಇದ್ದೆ ಅಲ್ವಾ?"

"ಇದ್ರಿ. ದೋಸೆ ಹುಯ್ತಿದ್ರಿ."

"ಹಾಗಾದ್ರೆ ನನಗೇ ಹೇಳಿರ್ಬೇಕು. ಒಂದೂ ದುಂಡಗೆ ಬಂದಿರ್ಲಿಲ್ಲ."

"ನಿಮಗಲ್ಲ."

"ಮತ್ತೆ ಯಾರಿಗೆ?"

ಹೊರಗೆ ಜೆರಾಕ್ಸ್ ಮಷಿನ್ ಓಡುತ್ತಿತ್ತು. ಅವತ್ತು ಆಂಟಿ ಬಾಗಿ, ಮೆಲ್ಲಗೆ ಆ ಮಾತು ಹೇಳಿ, ಸೂಜಿ ಚುಚ್ಚಿ ನೀಲಿಗಟ್ಟಿದ ಕೈಯನ್ನು ನನ್ನ ಕೈಮೇಲೆ ಇಟ್ಟಿದ್ದರು. ಅಷ್ಟು ಸೋತ ಜೀವ, ನನಗೋಸ್ಕರ ಹುಡುಕಿ ತೆಗೆದ ಮಾತು. ಅದನ್ನು ನಾನು ಯಾರಿಗೂ ಅಲ್ಲವೆಂದು ಬರೆದಿದ್ದೆ.

ತನ್ಮಯ್ ಕಾಯುತ್ತಿದ್ದರು. ಈ ಸಲ ನಾನು ಅವರ ಮುಖವನ್ನೇ ನೋಡಿದೆ.

"ನನಗೆ. ಆಂಟಿ ಏನೋ ಕೇಳ್ತಿದ್ರು, ನನಗೆ ಕೇಳಿಸ್ಲೇ ಇಲ್ಲ. ನಿಮ್ಮನ್ನೇ ನೋಡ್ತಾ ಕೂತಿದ್ದೆ."