ಕಣ್ಣೆತ್ತಿ ನೋಡದ ಮಾಸ್ತರ

"ದನಿ ತಗ್ಗಸ್ರೀ! ಎಂಟು ಮಂದಿ ಹಾಡಾಕತ್ತಾರ, ನಿಮ್ಮದೊಂದ ಕೇಳಾಕತ್ತೈತಿ!"

ಸೋನ್ಯಾಳದ ಸಾಲೆಯಲ್ಲಿ ಹಾಡಿಕೆ ಕಲಿಸಲು ಕೂಡಿದ ಮೊದಲ ದಿನವೇ, ಎಲ್ಲರೆದುರು, ಹಾಗಂದುಬಿಟ್ಟ ಗುರುಲಿಂಗಪ್ಪ ಮಾಸ್ತರ!

ಶಿವಲಿಂಗವ್ವನಿಗೆ ಮೈಯೆಲ್ಲ ಉರಿದುಹೋಯಿತು. ಕಿರಾಣಿ ಅಂಗಡಿ ಶ್ರೀಶೈಲಪ್ಪನವರ ಒಬ್ಬಳೇ ಮಗಳು ಅವಳು. ಊರಿನ ಯಾವ ಮದುವೆಯಲ್ಲೂ ಸೋಬಾನೆ ಎತ್ತಿಕೊಡುವವಳು ಅವಳೇ. ಅಂಥವಳಿಗೆ ದನಿ ತಗ್ಗಿಸು ಅನ್ನುವವರು ಇದುವರೆಗೆ ಹುಟ್ಟಿರಲಿಲ್ಲ!

"ತಗ್ಗಸ್ತೀನ್ರಿ. ಉಳದವರು ಯಾವಾಗ ಏರಸ್ತಾರ?"

ಎಲ್ಲರೂ ನಕ್ಕರು. ಮಾಸ್ತರನೂ ನಕ್ಕ. ಆ ನಗುವಿಗೇ ಅವಳು ಸೋತದ್ದು, ಸುಳ್ಳು ಯಾಕೆ ಹೇಳಬೇಕು?

ಆತ ವಳಸಂಗದವನು. ಮಿರಜಿಗೆ ಮಾಸ್ತರಕಿ ಕಲಿಯಲು ಹೋದಾಗ ಹೊಸ ನಮೂನೆಯ ಹಾಡಿಕೆಯನ್ನೂ ಕಲಿತು ಬಂದಿದ್ದ. ಪೇಟಿ ಇಲ್ಲ, ತಬಲಾ ಇಲ್ಲ. ಗಂಡಸರು ಕೆಳದನಿಯಲ್ಲಿ ಒಂದು ಧಾಟಿ, ಹೆಂಗಸರು ಮೇಲುದನಿಯಲ್ಲಿ ಇನ್ನೊಂದು ಧಾಟಿ, ಎಲ್ಲ ಒಂದೇ ಸಲ ಕೂಡಿ ಹಾಡಬೇಕು. ಮಾಸ್ತರ ಎದುರು ನಿಂತು ಕೈಯಾಡಿಸುತ್ತಾನೆ. ಯಾರತ್ತ ನೋಡುತ್ತಾನೋ ಅವರು ದನಿ ಎತ್ತಬೇಕು. ೧೯೫೩ರ ಗಣರಾಜ್ಯೋತ್ಸವಕ್ಕೆ ತಾಲೂಕಿನ ಊರಾದ ಜತ್ತದಲ್ಲಿ ಅವರ ಹಾಡಿಕೆ ನಿಗದಿಯಾಗಿತ್ತು.

ಆದರೆ ಆತ ಎಲ್ಲರನ್ನೂ ನೋಡುತ್ತಿದ್ದ, ಅವಳೊಬ್ಬಳನ್ನು ಬಿಟ್ಟು! ಅವಳ ಪಾಳಿ ಬಂದರೆ ನೆಲ ನೋಡುತ್ತ ಬೆರಳು ತೋರಿಸುತ್ತಿದ್ದ.

'ನನ್ನ ಮುಖ ಕಂಡರ ಆಗೂದಿಲ್ಲೇನು ಇವರಿಗೆ?'

ಅಷ್ಟರಲ್ಲಿ ಅಸಂಗಿಯಿಂದ ಅವಳಿಗೊಂದು ಸಂಬಂಧ ಬಂತು. ಅಪ್ಪ ಬಲವಂತ ಮಾಡುವವರಲ್ಲ.

"ಜತ್ತದಾಗ ಚಲೋತ್ನಾಗಿ ಹಾಡಿ ಬಾ. ಮರುದಿನ ಹೂಂ ಅನ್ನು, ಇಲ್ಲಾ ಉಹೂಂ ಅನ್ನು," ಎಂದರು.

ಶಿವಲಿಂಗವ್ವ ಅಂದೇ ಮನಸ್ಸು ಗಟ್ಟಿ ಮಾಡಿದಳು. ಕಡೆಯ ನುಡಿಯನ್ನು ಒಬ್ಬಳೇ ಎತ್ತಿಕೊಡಬೇಕಾದವಳು ಅವಳು. ಮಾಸ್ತರ ತನ್ನನ್ನು ನೋಡುವ ತನಕ ಬಾಯಿ ತೆರೆಯುವುದಿಲ್ಲ. ನೋಡಿದ ಕಣ್ಣಲ್ಲಿ ಏನೂ ಕಾಣದಿದ್ದರೆ... ಅಸಂಗಿಗೆ ಹೂಂ!

ಆ ದಿನ ಜತ್ತದಲ್ಲಿ ಚಪ್ಪರ ಕಿಕ್ಕಿರಿದಿತ್ತು.

"ಮಂದಿಗೆ ಬೆನ್ನು ಕೊಟ್ಟು ನಿಂತಾನಲ್ಲೋ ಇಂವ!" ಎಂದು ಹಿರಿಯರೊಬ್ಬರು ಗೊಣಗಿದರು. ಎಂಟು ದನಿಗಳು ಒಂದರೊಳಗೊಂದು ಬೆರೆತಾಗ ಅವರೂ ಗಪ್ಪಾದರು.

ಕಡೆಯ ನುಡಿ ಬಂತು. ಮಾಸ್ತರ ನೆಲ ನೋಡಿ ಬೆರಳು ತೋರಿಸಿದ.

ಶಿವಲಿಂಗವ್ವ ತುಟಿ ಬಿಚ್ಚಲಿಲ್ಲ.

"ಏ, ಹಾಡ ಲಗೂನ!" ಪಕ್ಕದಲ್ಲಿದ್ದ ಗೆಳತಿ ಯಮನವ್ವ ಮೊಣಕೈಯಿಂದ ತಿವಿದಳು.

ಊಹೂಂ!

ಆತ ಗಾಬರಿಯಾಗಿ ತಲೆ ಎತ್ತಿದ. ಕಣ್ಣಿಗೆ ಕಣ್ಣು ಕೂಡಿತು... ಕೂಡಿದ್ದು ಬಿಡಲೇ ಇಲ್ಲ! ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಹಾಡು, ಮಂದಿ, ಜತ್ತ ಎಲ್ಲ ಮರೆತವನಂತೆ ಆತ ಅವಳನ್ನೇ ನೋಡುತ್ತ ನಿಂತುಬಿಟ್ಟ.

ಅವಳಿಗೆ ಎಲ್ಲ ತಿಳಿದುಹೋಯಿತು. ಎದೆ ತುಂಬಿ ಬಂತು. ಇನ್ನು ಈತನ ಕೈಸನ್ನೆಗೆ ಕಾಯುತ್ತ ಕೂತರೆ ಬೆಳಗಾದೀತೆಂದು ತಾನೇ ದನಿ ಎತ್ತಿದಳು. ಉಳಿದವರು ಅವಳನ್ನು ನೋಡಿ ಕೂಡಿಕೊಂಡರು. ಹಾಡು ದಡ ಸೇರಿತು.

ಚಪ್ಪಾಳೆ ಇನ್ನೂ ಮುಗಿದಿರಲಿಲ್ಲ, ಆತ ಪರದೆಯ ಹಿಂದೆ ಓಡಿ ಬಂದ.

"ಯಾಕ ಸುಮ್ಮ ನಿಂತ್ರಿ? ನನ್ನ ಜೀವಾನ ಹೋಗಿತ್ತು!"

"ನೀವು ಇಷ್ಟ ದಿನ ನನ್ನ ಯಾಕ ನೋಡಲಿಲ್ಲ? ಮೊದಲ ಅದನ್ನ ಹೇಳ್ರಿ."

ಆತ ಹಣೆಯ ಬೆವರು ಒರೆಸಿಕೊಂಡ.

"ನೋಡಿದ್ರ ತಾಳ ತಪ್ಪತೈತ್ರಿ... ಮೊದಲನೇ ದಿನಾನ ತಪ್ಪಿತ್ತು. ಇವತ್ತ ಎಲ್ಲಾರ ಮುಂದ ತಪ್ಪಿತು. ನಿಮ್ಮ ಮ್ಯಾಲ ನನಗ ಭಾಳ ಜೀವ ಐತ್ರಿ."

ಅವಳ ಕಣ್ಣು ತುಂಬಿದವು. ಆದರೂ ಮಾತು ಗಟ್ಟಿಯಾಗೇ ಬಂತು.

"ಹಂಗಾರ ಅಸಂಗಿಯವರಿಗೆ ನಾಳೆ ಉಹೂಂ ಅಂತೀನಿ. ನೀವು ಹಿರ‍್ಯಾರನ್ನ ಕರಕೊಂಡು ಲಗೂನ ಮನಿಗೆ ಬರ್ರಿ."

"ಬರತೀನ್ರಿ... ನಿಮ್ಮಪ್ಪಾರು ಒಪ್ಪತಾರೇನು?"

"ಅಪ್ಪನ್ನ ಒಪ್ಪಸೂದು ನನಗ ಬಿಡ್ರಿ. ನಾ ಯಾವಾಗೋ ಒಪ್ಪೀನಿ!"