ಬೆನ್ನು ನೋಡಿ ಕಲಿತ ಹೆಜ್ಜೆ

ಸಾಗರದ ಸಮುದಾಯ ಭವನದಲ್ಲಿ ಹೆಂಗಸರ ಡೊಳ್ಳು ತಂಡಕ್ಕೆ ಕುಣಿತ ಕಲಿಸಲು ತೀರ್ಥಹಳ್ಳಿಯಿಂದ ಪ್ರದೀಪ ಬಂದು ಹತ್ತು ದಿನವಾಗಿತ್ತು. ಅವನ ಬೆನ್ನ ಹಿಂದೆ, ಮೂಲೆಯ ಹೊಲಿಗೆ ಮಿಷನ್ನಿನ ಮುಂದೆ ಕೂತು, ಸೌಜನ್ಯಾ ತಂಡದವರಿಗೆ ರವಿಕೆ ಹೊಲಿಯುತ್ತಿದ್ದಳು. ಇಷ್ಟು ದಿನದಲ್ಲಿ ಅವನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಅವನು ಹತ್ತಿರ ಬಂದರೆ ಸೂಜಿಗೆ ದಾರ ಪೋಣಿಸುವ ನೆಪ. ಇವತ್ತು ಸಂಜೆಯ ಬಸ್ಸಿಗೆ ಅವನು ಹೊರಟುಬಿಡುತ್ತಾನೆ.

ಡೊಳ್ಳು ಕಟ್ಟುವ ಮೊದಲು ಬರೀ ಹೆಜ್ಜೆ.

"ನಡೆಯೋದು, ಬಾಗೋದು, ತಿರುಗೋದು, ಹಾರೋದು. ಇಷ್ಟೇ! ಆದ್ರೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಭಾರ ಈ ಕಾಲಿಗೆ ಬರ್ಬೇಕು," ಎಂದು ಪ್ರದೀಪ ಬಲಗಾಲು ತಟ್ಟಿ ತೋರಿಸಿದ.

ಬಾಗಿ ಏಳುವವರೆಗೆ ಸಾಲು ಚಂದವಿತ್ತು. ತಿರುಗುವಾಗ ಗುತ್ಯಮ್ಮ ಪಕ್ಕದವಳಿಗೆ ಡಿಕ್ಕಿ ಹೊಡೆದಳು.

"ಮೇಷ್ಟ್ರೇ, ಇದು ಕುಣಿಯೋದೋ, ಗುಮ್ಮೋದೋ?" ಎಂದು ಅವಳೇ ಕೇಳಿದಳು.

ಎಲ್ಲರೂ ನಕ್ಕರು. ಪ್ರದೀಪ ಮಾತ್ರ ನಗಲಿಲ್ಲ. "ನಂಗೇ ಕಲಿಸಕ್ಕೆ ಬರಲ್ವೇನೋ," ಎಂದು ತನ್ನಷ್ಟಕ್ಕೇ ಗೊಣಗಿದ.

ಆ ಸೋತ ದನಿ ಕೇಳಿ ಸೌಜನ್ಯಾಳಿಗೆ ಕೂತಿರಲಾಗಲಿಲ್ಲ.

"ನೀವು ಎದುರಿಗೆ ನಿಂತು 'ಈ ಕಾಲು' ಅಂತೀರಿ. ಕೆಲವರು ಕನ್ನಡಿ ನೋಡ್ದಂಗೆ ಎಡಗಾಲು ಹಾಕ್ತಾರೆ, ಕೆಲವರು ನಿಮ್ಮಂಗೇ ಬಲಗಾಲು. ಅದ್ಕೇ ಗುದ್ದಾಟ. ಹಿಂದೆ ಕೂತವ್ರಿಗೆ ಸರಿಯಾಗಿ ಕಾಣ್ತದೆ."

"ಹಂಗಾದ್ರೆ ನೀವೇ ಮಾಡಿ ತೋರ್ಸಿ."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಅವಳನ್ನು ಯಾರೂ ಮುಂದೆ ಕರೆದಿರಲಿಲ್ಲ. ಅವಳು ಸೆರಗು ಸಿಕ್ಕಿಸಿಕೊಂಡಳು. ನಡೆದಳು, ಬಾಗಿದಳು. ಬಲಗಾಲಿಗೆ ಭಾರ ಬಿಟ್ಟು, ನೀರಲ್ಲಿ ಎಲೆ ತಿರುಗಿದಷ್ಟು ಹಗುರವಾಗಿ ತಿರುಗಿದಳು. ತಿರುಗಿ ನಿಂತಾಗ ಅವನ ಕಣ್ಣು ಎದುರಿಗೇ ಇತ್ತು. ತಾಳ ಹಾಕುತ್ತಿದ್ದ ಅವನ ಕೈ ಅರ್ಧಕ್ಕೇ ನಿಂತಿತ್ತು.

"ಚಪ್ಪಾಳೆ ಮರ್ತೋಯ್ತಾ ಮೇಷ್ಟ್ರೇ?" ಎಂದಳು ಗುತ್ಯಮ್ಮ.

ಪ್ರದೀಪ ನಾಚಿಕೊಂಡು, ಸಾಲಿಗೆ ಬೆನ್ನು ಮಾಡಿ ಸೌಜನ್ಯಾಳ ಪಕ್ಕ ನಿಂತ. ಈ ಸಲ ಹನ್ನೆರಡು ಹೆಂಗಸರೂ ಒಟ್ಟಿಗೆ ತಿರುಗಿದರು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ, ಹೊಲಿದು ಮಿಕ್ಕ ಬಟ್ಟೆಯ ಗಂಟು ಹಿಡಿದು ಅವಳೂ ತನ್ನೂರಿನ ಬಸ್ಸಿಗೆ ಕಾಯುತ್ತಿದ್ದಳು.

"ಹತ್ತು ದಿನ ನನ್ನ ಬೆನ್ನೇ ನೋಡ್ತಿದ್ರಾ?" ಎಂದ ಪ್ರದೀಪ.

"ಮುಖ ನೋಡಕ್ಕೆ ಧೈರ್ಯ ಬೇಕಲ್ಲ."

"ಈಗ?"

ಅವಳು ತಲೆ ಎತ್ತಿ ನೋಡಿದಳು. ತಗ್ಗಿಸಲಿಲ್ಲ. ಮೊದಲು ಕೆಂಪಾದದ್ದು ಅವನ ಮುಖವೇ.

"ಭಾನುವಾರ ನಿಮ್ಮನೆಗೆ ಬರ್ಲಾ?"

"ಬನ್ನಿ. ಅಪ್ಪ ಇರ್ತಾರೆ."

"ಅವ್ರತ್ರ ಏನಂತ ಕೇಳ್ಲಿ?"

ಸೌಜನ್ಯಾ ಅಷ್ಟರಲ್ಲಿ ಬಂದ ತನ್ನ ಬಸ್ಸಿನ ಮೆಟ್ಟಿಲು ಹತ್ತಿ, ತಿರುಗಿ ನಕ್ಕಳು.

"ಅದನ್ನೂ ನಾನೇ ಹೇಳ್ಕೊಡ್ಬೇಕಾ ಮೇಷ್ಟ್ರೇ?"