ಲೈನ್ ಬಂದ್ ಇದ್ದ ಎರಡು ಗಂಟೆ

"ನನ್ನ ಅತ್ತಿಗೇನ ಕೊಂದಿದ್ದು ಈ ಮನುಷ್ಯನೇ ಸಾರ್. ಹನ್ನೊಂದು ಅರ್ಜಿ ಕೊಟ್ಟೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು."

"ನಾಲಿಗೆ ಬಿಗಿ ಹಿಡಿದು ಮಾತಾಡು," ಎಂದರು ವಿದ್ಯುತ್ ಕಚೇರಿಯ ಎಂಜಿನಿಯರ್.

"ಕೈ ಜುಮ್ ಅಂದ್ರೆ ಚಪ್ಪಲಿ ಹಾಕ್ಕೊಂಡು ಬಾಗಿಲು ತೆಗಿ ಅಂತ ನಕ್ಕಿದ್ದು ಯಾರು? ಈಗ ನಗಿ, ನೋಡೋಣ."

ಠಾಣೆಯ ಕಾನ್‌ಸ್ಟೆಬಲ್ ನಡುವೆ ನುಗ್ಗಿ ಇಬ್ಬರನ್ನೂ ಬೇರೆ ಮಾಡಿದ.

ದೂರು ತಂದವನು ಸೇತುವೆ ಕೆಲಸದ ವೆಲ್ಡರ್. ಅಣ್ಣ, ಅತ್ತಿಗೆಯ ಜೊತೆ ಒಂದೇ ಟ್ರೇಲರಿನಲ್ಲಿ ವಾಸ. ಕೆಲಸಗಾರರ ಆರು ಟ್ರೇಲರುಗಳನ್ನು ಹೈಟೆನ್ಷನ್ ತಂತಿಯ ಕೆಳಗೇ ನಿಲ್ಲಿಸಿದ್ದರು. ಕೆಳಗೆ ರಬ್ಬರ್ ಚಕ್ರ, ಮೇಲೆ ತಗಡಿನ ಮೈ. ತಂತಿಯ ಪ್ರಭಾವಕ್ಕೆ ಆ ತಗಡಿನಲ್ಲಿ ವಿದ್ಯುತ್ ಸೇರಿಕೊಂಡು, ನೆಲದ ಮೇಲೆ ನಿಂತು ಹಿಡಿಕೆ ಮುಟ್ಟಿದವರ ಕೈ ಜುಮ್ಮೆನ್ನುತ್ತಿತ್ತು. ಅಂದು ಬೆಳಿಗ್ಗೆ 7.40ಕ್ಕೆ ಅತ್ತಿಗೆ ಹಿಡಿಕೆ ಮುಟ್ಟಿ ಅಲ್ಲೇ ಕುಸಿದು ಸತ್ತಿದ್ದಳು.

"ತಮ್ಮ ಹೇಳೋದು ನಿಜ ಸಾರ್," ಎಂದಷ್ಟೇ ಹೇಳಿ ಅಣ್ಣ ಬೆಂಚಿನ ಮೇಲೆ ಕುಳಿತ.

9.20ಕ್ಕೆ ಎಫ್‌ಐಆರ್ ಆಯಿತು. 10.15ಕ್ಕೆ ಪಂಚನಾಮೆ: ಮೆಟ್ಟಿಲ ಬಳಿ ಮಗುಚಿದ ಬಕೆಟ್, ಒರೆಸುವ ಬಟ್ಟೆ, ಒದ್ದೆ ನೆಲ. ಟ್ರೇಲರಿನ ಕೆಳಗಿನ ಕಬ್ಬಿಣದಲ್ಲಿ ಹೊಸದಾಗಿ ಕೆರೆದ ಗುರುತು, ಒಂದು ತುಂಡು ಕೆಂಪು ಟೇಪು.

ಪಕ್ಕದ ಟ್ರೇಲರಿನ ಮುದುಕಿ ಹೇಳಿಕೆ ಕೊಟ್ಟಳು. "ಅವಳ ಮೈದುನ, ಯಾರೂ ಮುಟ್ಟಬೇಡಿ ಅಂತ ಕೂಗ್ತಾ ಓಡಿಬಂದ. ಮೊದಲು ನುಸುಳಿದ್ದು ಟ್ರೇಲರ್ ಕೆಳಗೆ. ಆಮೇಲೆ ಅವಳ ಹತ್ರ ಹೋದ."

ಮಧ್ಯಾಹ್ನ 1.30ಕ್ಕೆ ಸಬ್‌ಸ್ಟೇಷನ್ನಿನ ರಿಜಿಸ್ಟರ್ ಬಂತು. ಇನ್‌ಸ್ಪೆಕ್ಟರ್ ಒಂದೇ ಸಾಲನ್ನು ಎರಡು ಸಲ ಓದಿದರು. ಕಂಬದ ಪಿಂಗಾಣಿ ಇನ್ಸುಲೇಟರ್ ಬದಲಿಸಲು ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಲೈನ್ ಬಂದ್.

ಅವಳು ಸತ್ತಾಗ ಮೇಲಿನ ತಂತಿಯಲ್ಲಿ ಏನೂ ಇರಲಿಲ್ಲ.

ವೆಲ್ಡರನ ಚೀಲ ಬಿಚ್ಚಿಸಿದರು. ಉದ್ದದ ವೈರು, ನಡುವೆ ಒಂದು ಬಲ್ಬು, ತುದಿಗೆ ಅದೇ ಕೆಂಪು ಟೇಪು. ಇನ್‌ಸ್ಪೆಕ್ಟರ್ ಅಣ್ಣನನ್ನೂ ಒಳಗೆ ಕರೆಸಿದರು.

"ಇದನ್ನ ಎಲ್ಲಿಂದ ಎಲ್ಲಿಗೆ ಕೊಟ್ಟಿದ್ದೆ?"

ವೆಲ್ಡರ್ ವೈರಿನ ತುದಿಯನ್ನು ಬೆರಳಿಂದ ತೋರಿಸಿದ. "ಸೈಟ್ ಜನರೇಟರಿನ ಸಾಕೆಟ್ಟಿಂದ ಟ್ರೇಲರ್ ಕಬ್ಬಿಣಕ್ಕೆ."

"ಬಲ್ಬ್ ಯಾಕೆ?"

"ನಡುವೆ ಬಲ್ಬ್ ಇದ್ರೆ ಜೋರಾಗಿ ಹೊಡೆಯಲ್ಲ ಅಂದ್ಕೊಂಡೆ. ಹತ್ತು ಗಂಟೆಗೆ ಎಂಜಿನಿಯರ್ ಪರೀಕ್ಷೆಗೆ ಬರೋರಿದ್ರು. ಒಂದ್ಸಲ ಅವರ ಕೈಗೂ ತಾಗಲಿ ಅಂತ."

"ಅತ್ತಿಗೆ?"

"ಆರಕ್ಕೇ ಕೆಲಸಕ್ಕೆ ಹೋಗಿದ್ರು. ಸಂಜೆವರೆಗೆ ಬರಲ್ಲ."

"ಬಂದಳಲ್ಲ," ಎಂದ ಅಣ್ಣ. ದನಿ ಏರಿರಲಿಲ್ಲ. "ಎರಡು ಗಂಟೆ ರಜೆ ಕೇಳ್ಕೊಂಡು ಬಂದಳು. ಸಾಹೇಬ್ರು ಮನೆ ಕೊಳೆ ನೋಡಿ ನನ್ನ ಮೈದುನನ್ನ ಮತ್ತೆ ಆಡ್ಕೊಂಡು ನಗಬಾರದು, ಒರೆಸಿ ಬರ್ತೀನಿ ಅಂದ್ಲು."

ವೆಲ್ಡರ್ ಮುಖ ಮುಚ್ಚಿಕೊಂಡ.

4.20ಕ್ಕೆ ಬಂಧನ. ಹನ್ನೊಂದು ಅರ್ಜಿಗಳನ್ನೂ ಕಡತಕ್ಕೆ ಸೇರಿಸಿದರು. ಕೊನೆಯದರ ಅಂಚಿನಲ್ಲಿ ವಿದ್ಯುತ್ ಕಚೇರಿಯ ಷರಾ ಇತ್ತು: ಅರ್ಜಿದಾರನ ಭ್ರಮೆ. ಈ ಸಲದ ಪರೀಕ್ಷೆ ರದ್ದು; ಮುಂದಿನ ತಿಂಗಳು ಹೋಗಿ ಸಮಾಧಾನ ಹೇಳುವುದು.

ಬಂಧನದ ತಿಳಿವಳಿಕೆ ಪತ್ರಕ್ಕೆ ಮನೆಯವರೊಬ್ಬರ ಸಹಿ ಬೇಕು. ಕಾನ್‌ಸ್ಟೆಬಲ್ ಅದನ್ನು ಅಣ್ಣನ ಮುಂದೆ ಸರಿಸಿದ.

"ಸಂಬಂಧ ಏನು ಅಂತ ಇಲ್ಲಿ ಬರೀರಿ."

ಅವನು ಪೆನ್ನು ಹಿಡಿದು ಆ ಗೆರೆಯನ್ನೇ ನೋಡಿದ.

"ಅಣ್ಣಾ," ಎಂದ ವೆಲ್ಡರ್.

ಅಣ್ಣ ಪೆನ್ನಿಗೆ ಕ್ಯಾಪು ಹಾಕಿಟ್ಟು ಎದ್ದು ಹೊರಗೆ ನಡೆದ. ನೀರು ಕುಡಿಯಲು ಹೋಗಿರಬೇಕೆಂದು ಕಾನ್‌ಸ್ಟೆಬಲ್ ಕಾದ. ಆರಕ್ಕೆ ಪಾಳಿ ಬದಲಾದಾಗಲೂ ಆ ಗೆರೆ ಖಾಲಿಯಿತ್ತು.